ವಕೀಲರ ಖಾತೆಯಲ್ಲಿನ ಕಕ್ಷಿದಾರರ ಹಣ: ಕೇಂದ್ರ ಹಣಕಾಸು ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ,

2023ರ ಮೇ 3ರ ಅಧಿಸೂಚನೆಯ ಮೂಲಕ ನಿಮ್ಮ ಸಚಿವಾಲಯ ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿ ಮತ್ತು ಕಾಸ್ಟ್ ಅಕೌಂಟೆಂಟರನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ತಂದಿತು. ಅವರು ಮಾಡುವ ಎಲ್ಲ ಕೆಲಸಕ್ಕೂ ಅಲ್ಲ. ಕಕ್ಷಿದಾರರ ಪರವಾಗಿ ಆಸ್ತಿ ಕೊಳ್ಳುವುದು-ಮಾರುವುದು, ಅವರ ಹಣ ಮತ್ತು ಷೇರು ನೋಡಿಕೊಳ್ಳುವುದು, ಬ್ಯಾಂಕ್ ಖಾತೆ ನಿರ್ವಹಿಸುವುದು, ಕಂಪನಿಗೆ ಬಂಡವಾಳ ಹೊಂದಿಸುವುದು, ಕಂಪನಿ ಅಥವಾ ಟ್ರಸ್ಟ್ ಸ್ಥಾಪಿಸಿ ನಡೆಸುವುದು, ಹೀಗೆ ಐದು ಬಗೆಯ ವಹಿವಾಟಿಗೆ ಮಾತ್ರ. ಸರಿಯಾದ ಹೆಜ್ಜೆಯೇ. ಆದರೆ ಇದೇ ಕೆಲಸವನ್ನು ವಕೀಲರು ಮಾಡಿದರೆ ಆ ಅಧಿಸೂಚನೆ ಅನ್ವಯಿಸುವುದಿಲ್ಲ. ತಪಾಸಣೆ ಬೇಡವೆನ್ನುವ ಕಕ್ಷಿದಾರ ಯಾರ ಕಚೇರಿಗೆ ಹೋಗುತ್ತಾನೆಂದು ಊಹಿಸಲು ಪರಿಣತಿ ಬೇಕಿಲ್ಲ.

ಅದು ನಡೆಯುವ ಬಗೆ ಹೀಗೆ. ನಿವೇಶನ ಖರೀದಿಯ ಮುಂಗಡವೆಂದು ಕಕ್ಷಿದಾರ ವಕೀಲರ ಖಾತೆಗೆ ಹಣ ಹಾಕುತ್ತಾನೆ. ಕೆಲ ವಾರಗಳಲ್ಲಿ ವ್ಯವಹಾರ ಮುರಿದುಬೀಳುತ್ತದೆ. ಹಣವನ್ನು ತನಗಲ್ಲ, ಸಂಬಂಧಿಕರ ಕಂಪನಿಗೆ ಹಿಂತಿರುಗಿಸಲು ಹೇಳುತ್ತಾನೆ. ಆ ಕಂಪನಿಯ ಬ್ಯಾಂಕಿಗೆ ಕಾಣುವುದು ವಕೀಲರ ಹೆಸರಿನಿಂದ ಬಂದ ಜಮೆಯಷ್ಟೇ. ಹಿಂದಿನ ಕೊಂಡಿ ಅಲ್ಲಿಗೇ ಕಡಿಯುತ್ತದೆ. ಬಂದ ಖಾತೆಗೇ ಹಣ ಮರಳಬೇಕು, ಇಲ್ಲವಾದರೆ ಲಿಖಿತ ಕಾರಣ ಮತ್ತು ಪಡೆಯುವವರ ಗುರುತಿನ ಪರಿಶೀಲನೆ ಇರಬೇಕು ಎಂಬ ಒಂದೇ ನಿಯಮ ಈ ದಾರಿಯನ್ನು ಬಹುಪಾಲು ಮುಚ್ಚುತ್ತದೆ.

ವಕೀಲರ ಆತಂಕ ಪೊಳ್ಳೇನಲ್ಲ. ಕಕ್ಷಿದಾರನ ಗುಟ್ಟನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಕಾಪಾಡುತ್ತದೆ, ಕಾಪಾಡಲೇಬೇಕು. ಕಾನೂನುಬಾಹಿರ ಉದ್ದೇಶಕ್ಕಾಗಿ ನಡೆದ ಮಾತುಕತೆಗೆ ಮಾತ್ರ ಆ ರಕ್ಷಣೆ ಇಲ್ಲ. ಹಾಗಾಗಿ ಮೊಕದ್ದಮೆ ಮತ್ತು ಕಾನೂನು ಸಲಹೆಯನ್ನು ಸ್ಪಷ್ಟ ಮಾತುಗಳಲ್ಲಿ ಹೊರಗಿಟ್ಟು, ಮೇಲಿನ ಐದು ವಹಿವಾಟುಗಳನ್ನಷ್ಟೇ ಒಳಗೆ ತನ್ನಿ. ಅಕ್ರಮ ಹಣ ವರ್ಗಾವಣೆ ತಡೆಗೆ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್‌ನ 22 ಮತ್ತು 23ನೇ ಶಿಫಾರಸುಗಳು ಕೇಳುವುದೂ ಇಷ್ಟನ್ನೇ.

ಇನ್ನು ವ್ಯಾಪ್ತಿಯೊಳಗೆ ಇರುವವರ ಮೇಲ್ವಿಚಾರಣೆ. 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಎಫ್‌ಎಟಿಎಫ್ ಮೌಲ್ಯಮಾಪನ 40 ಶಿಫಾರಸುಗಳಲ್ಲಿ ಮೂರಕ್ಕೆ ಮಾತ್ರ ಭಾರತಕ್ಕೆ ‘ಭಾಗಶಃ ಪಾಲನೆ’ ಎಂಬ ದರ್ಜೆ ಕೊಟ್ಟಿತು. ಅವುಗಳಲ್ಲಿ 28ನೆಯದು ಇದೇ ವಿಷಯದ್ದು. ಕಾಗದ ತುಂಬಿದೆಯೇ ಎಂದು ನೋಡುವ ತಪಾಸಣೆ ಸಾಲದು. ನಿಜವಾದ ಒಡೆಯ ಯಾರೆಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. 2023ರ ಮಾರ್ಚ್‌ನಲ್ಲಿ ಕಂಪನಿಯಲ್ಲಿ ಎಷ್ಟು ಪಾಲು ದಾಟಿದವರು ಒಡೆಯರು ಎಂಬ ಮಿತಿಯನ್ನು ಶೇ 25ರಿಂದ ಶೇ 10ಕ್ಕೆ ಇಳಿಸಿದಿರಿ. ಒಂದೇ ಮನೆಯ ಆರು ಮಂದಿ ತಲಾ ಶೇ 9ರಷ್ಟು ಷೇರು ಇಟ್ಟುಕೊಂಡರೆ ಪಟ್ಟಿಯಲ್ಲಿ ಯಾರೂ ಮಿತಿ ದಾಟುವುದಿಲ್ಲ, ಒಟ್ಟು ಮಾತ್ರ ಶೇ 54. ಪಾಲು ಒಬ್ಬರದೇ ಇರಲಿ, ಜೊತೆಗೂಡಿದವರದಿರಲಿ ಲೆಕ್ಕಕ್ಕೆ ಬರುತ್ತದೆ ಎಂದು ಅದೇ ಕಾಯ್ದೆಯ ನಿಯಮಾವಳಿಯ ನಿಯಮ 9 ಹೇಳುತ್ತದೆ, ಆದರೆ ಕೂಡಿಸಿ ನೋಡುವ ಶ್ರಮವನ್ನು ಯಾರೂ ತೆಗೆದುಕೊಳ್ಳದಿದ್ದರೆ ಆ ಮಾತು ಪುಸ್ತಕದಲ್ಲೇ ಉಳಿಯುತ್ತದೆ. ಒಡೆಯ ಸಿಗದಿದ್ದಾಗ ಕಂಪನಿಯ ಹಿರಿಯ ಅಧಿಕಾರಿಯ ಹೆಸರನ್ನೇ ಒಡೆಯನೆಂದು ಬರೆಯಲು ಇರುವ ಅವಕಾಶ ಇದಕ್ಕಿಂತ ಅಪಾಯಕಾರಿ. ಅದು ಕೊನೆಯ ದಾರಿ. ಆತುರದಲ್ಲಿ ಮೊದಲ ದಾರಿಯಾಗುವುದು ಸುಲಭ.

ಆದ್ದರಿಂದ ವೃತ್ತಿ ಸಂಸ್ಥೆಗಳ ತಪಾಸಕರು ಕಡತ ತೆರೆಯಬೇಕು. ಕಂಪನಿ ಸ್ಥಾಪನೆ ಮತ್ತು ಆಸ್ತಿ ವ್ಯವಹಾರದ ಕಡತಗಳನ್ನು ತಾವೇ ಆರಿಸಿ, ಹಣದ ಮೂಲಕ್ಕೆ ದಾಖಲೆ ಇದೆಯೇ, ಸಂಶಯ ಬಂದಾಗ ಹಣಕಾಸು ಗುಪ್ತಚರ ಘಟಕಕ್ಕೆ ವರದಿ ಹೋಯಿತೇ, ಹೋಗದಿದ್ದರೆ ಏಕೆಂದು ಬರೆದಿಟ್ಟಿದ್ದಾರೆಯೇ ಎಂದು ನೋಡಬೇಕು. ಆದಾಯ ತೆರಿಗೆ ರಿಟರ್ನ್ ಮಾತ್ರ ಸಲ್ಲಿಸುವ ಚಿಕ್ಕ ಕಚೇರಿಗಳನ್ನು ಇದಕ್ಕಾಗಿ ಅಲೆದಾಡಿಸಬೇಕಿಲ್ಲ.

ಸದಸ್ಯರ ಸಂಸ್ಥೆಯೇ ಸದಸ್ಯರನ್ನು ಕಾಯುವುದರ ಮಿತಿ ಬ್ರಿಟನ್ನಿನಲ್ಲಿ ಗೊತ್ತಾಗಿದೆ. ಅಲ್ಲಿ ವಕೀಲರು ಮತ್ತು ಲೆಕ್ಕಿಗರ ಮೇಲೆ ಕಣ್ಣಿಡುವ 22 ವೃತ್ತಿ ಸಂಸ್ಥೆಗಳಿವೆ. ಅವನ್ನು ಗಮನಿಸಲು 2018ರಲ್ಲಿ ಬೇರೊಂದು ಕಚೇರಿ ತೆರೆದರು. ಅದೂ ಸಾಲದೆ 2025ರ ಅಕ್ಟೋಬರ್‌ನಲ್ಲಿ ಆ ಹೊಣೆಯನ್ನು ಹಣಕಾಸು ನಿಯಂತ್ರಣ ಪ್ರಾಧಿಕಾರಕ್ಕೇ ವಹಿಸುವುದಾಗಿ ಸರ್ಕಾರ ಪ್ರಕಟಿಸಿತು. ಇಲ್ಲಿ ಅಷ್ಟು ದೂರ ಹೋಗುವ ಮುನ್ನ ಹಣಕಾಸು ಗುಪ್ತಚರ ಘಟಕಕ್ಕೆ ವೃತ್ತಿ ಸಂಸ್ಥೆಗಳ ತಪಾಸಣಾ ಕಡತಗಳನ್ನು ಮರುಪರಿಶೀಲಿಸುವ ಅಧಿಕಾರ ಕೊಡಿ. ಎಷ್ಟು ಕಚೇರಿಗಳಿಗೆ ಹೋದರು, ಯಾವ ಲೋಪ ಕಂಡರು, ಏನು ಕ್ರಮ ಕೈಗೊಂಡರು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಸಂಸತ್ತಿನ ಮುಂದಿಡಿ.

ಇತಿ,
ಲೆಕ್ಕಪರಿಶೋಧನೆ ಮತ್ತು ವಕೀಲಿ ವೃತ್ತಿಯಲ್ಲಿರುವವರು