‘ಅಂತೆ’ಯನ್ನು ಬಿಡಬೇಡ

ಪ್ರೀತಿಯ ತಂಗಿಗೆ,

ನಿನ್ನ ಕಾಗದವನ್ನೂ ಜೊತೆಗಿದ್ದ ಹನ್ನೆರಡು ಪುಟಗಳನ್ನೂ ಓದಿದೆ. ಪಕ್ಕದ ಮನೆಯ ಆ ಅಕ್ಕ-ತಮ್ಮ ಇಬ್ಬರೂ ತಮ್ಮ ತಂದೆತಾಯಿಯ ಬಗ್ಗೆ ನಿನ್ನೆದುರು ಕೂತು ಮಾತಾಡಲು ಒಪ್ಪಿದ್ದಾರಲ್ಲ, ಅದೇ ದೊಡ್ಡದು. ಹೋಲೊಕಾಸ್ಟ್‌ನಿಂದ, ಅಂದರೆ ಹಿಟ್ಲರನ ನಾತ್ಸಿಗಳು ನಡೆಸಿದ ಯಹೂದಿಯರ ಸಾಮೂಹಿಕ ಹತ್ಯೆಯಿಂದ, ಬದುಕಿ ಬಂದವರ ಮಕ್ಕಳಿಗೂ ಈಗ ಎಪ್ಪತ್ತು ದಾಟಿದೆ. ನಿನ್ನ ಕೈಯಲ್ಲಿ ಹೆಚ್ಚು ಸಮಯವಿಲ್ಲ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಿನ್ನ ಮೊದಲ ಪುಟದಲ್ಲಿ ಒಂದು ವಾಕ್ಯವಿದೆ: ‘ಅಮ್ಮ ಹಿಮದಲ್ಲಿ ಮೂರು ದಿನ ನಡೆದಳು.’ ಇದನ್ನು ಹೇಳಿದವಳು ಮಗಳು, ಅಂದರೆ ಆ ಅಕ್ಕ. ಆಗ ಅವಳಿನ್ನೂ ಹುಟ್ಟಿರಲಿಲ್ಲ. ತಾಯಿ ಅವಳಿಗೆ ಹೇಳಿರಬೇಕು, ಇಲ್ಲವೇ ಬೇರೆ ಯಾರಿಗೋ ಹೇಳುವಾಗ ಅವಳು ಬಾಗಿಲ ಮರೆಯಲ್ಲಿ ಕೇಳಿಸಿಕೊಂಡಿರಬೇಕು. ಈ ದೂರವನ್ನು ತೋರಿಸಲು ಎಷ್ಟೋ ಭಾಷೆಗಳಲ್ಲಿ ಒಂದು ಇಡೀ ವಾಕ್ಯ ಬೇಕಾಗುತ್ತದೆ. ನಮಗೆ ಎರಡಕ್ಷರ ಸಾಕು: ನಡೆದಳಂತೆ. ನೀನು ಅದನ್ನು ಅಳಿಸಿ ಹಾಕಿದ್ದೀಯ. ಗದ್ಯಕ್ಕೆ ಬಿಗಿ ಬರಲಿ ಅಂತ ಮಾಡಿರುತ್ತೀಯ. ಆದರೆ ಎರಡನೆಯ ತಲೆಮಾರಿನವರ ಬದುಕು ನಿಂತಿರುವುದೇ ಆ ‘ಅಂತೆ’ಯ ಮೇಲೆ. ಮಗಳು ಆ ಹಿಮದಲ್ಲಿ ನಡೆಯಲಿಲ್ಲ. ನಡೆದವಳ ಮನೆಯಲ್ಲಿ ಬೆಳೆದಳು. ನಿನ್ನ ಬರಹ ಅವಳದು, ತಾಯಿಯದಲ್ಲ.

ಟಿಪ್ಪಣಿಗಳನ್ನೆಲ್ಲ ಹರಡಿಕೊಂಡು ಕೂತು ನಾಲ್ಕು ಬಣ್ಣದ ಪೆನ್ಸಿಲ್ ತೆಗೆದುಕೊ. ದಾಖಲೆಯಲ್ಲಿ ಸಿಗುವುದಕ್ಕೆ ಒಂದು ಬಣ್ಣ. ತಂದೆತಾಯಿ ಹೇಳಿದ್ದು ಎಂದು ಮಕ್ಕಳು ಹೇಳುವುದಕ್ಕೆ ಇನ್ನೊಂದು. ಮಕ್ಕಳು ಊಹಿಸಿ ತುಂಬಿಕೊಂಡಿದ್ದಕ್ಕೆ ಮೂರನೆಯದು. ಅವರು ತಮ್ಮ ಕಣ್ಣಾರೆ ಕಂಡದ್ದಕ್ಕೆ ನಾಲ್ಕನೆಯದು. ಮೊದಲನೆಯದಕ್ಕೂ ಕೊನೆಯದಕ್ಕೂ ನೇರ ಭೂತಕಾಲ, ಎರಡನೆಯದಕ್ಕೆ ‘ಅಂತೆ’, ಮೂರನೆಯದಕ್ಕೆ ‘ಇದ್ದಿರಬೇಕು’. ಆ ಹಿಮದ ನಡಿಗೆಯನ್ನೇ ನೋಡು. 1945ರ ಜನವರಿ 17ರಿಂದ 21ರವರೆಗೆ ಪೋಲೆಂಡಿನಲ್ಲಿದ್ದ ಆಶ್ವಿತ್ಸ್ ಶಿಬಿರ ಮತ್ತು ಅದರ ಉಪಶಿಬಿರಗಳಿಂದ ಸುಮಾರು 56,000 ಕೈದಿಗಳನ್ನು ನಾತ್ಸಿಗಳು ಪಶ್ಚಿಮಕ್ಕೆ ನಡೆಸಿಕೊಂಡು ಹೋದರು. ಬಹಳಷ್ಟು ಸಾಲುಗಳು ಹೋಗಿದ್ದು ಗ್ಲಿವಿತ್ಸೆ ಇಲ್ಲವೇ ವೊಜಿಸ್ವಾಫ್ ಕಡೆಗೆ, ಸುಮಾರು 55ರಿಂದ 63 ಕಿಲೋಮೀಟರ್. ಹಿಂದೆ ಬಿದ್ದವರನ್ನು ಗುಂಡಿಟ್ಟು ಕೊಂದರು. ಇಲ್ಲಿಯವರೆಗೂ ನೇರವಾಗಿ ಬರೆ, ಯಾವ ಅಂತೆಯೂ ಬೇಡ. ‘ಅಮ್ಮ ಮೂರು ದಿನ ನಡೆದಳಂತೆ, ಪಕ್ಕದಲ್ಲಿದ್ದವಳ ತೋಳು ಬಿಡಲಿಲ್ಲವಂತೆ’, ಇದು ಮನೆಯ ಮಾತು. ‘ಕಾಲು ಮರಗಟ್ಟಿ ಹೋಗಿದ್ದಿರಬೇಕು’, ಇದು ಮಗಳ ಊಹೆ. ‘ಹಿಮ ಬೀಳುವ ದಿನ ಅಮ್ಮ ಕಿಟಕಿಯ ಪರದೆ ಎಳೆಯುತ್ತಿದ್ದಳು’, ಇದು ಮಗಳು ಕಂಡದ್ದು. ಈ ನಾಲ್ಕನೆಯ ಬಣ್ಣ ನಿನ್ನ ಹನ್ನೆರಡು ಪುಟದಲ್ಲಿ ಎರಡು ಕಡೆ ಮಾತ್ರ ಕಂಡಿತು. ಅದು ಅರ್ಧಕ್ಕಿಂತ ಹೆಚ್ಚಿರಬೇಕು.

ಒಂದು ಎಚ್ಚರಿಕೆ. ‘ಅಂತೆ’ ಅತಿಯಾದರೆ ‘ಅಂತೆಕಂತೆ’ ಆಗುತ್ತದೆ. ಇಂಥದ್ದು ನಡೆದೇ ಇಲ್ಲ ಎನ್ನುವವರು ಇಂದಿಗೂ ಇದ್ದಾರೆ. ಅವರ ಕೈಗೆ ನಿನ್ನ ವ್ಯಾಕರಣ ಆಯುಧವಾಗಬಾರದು. ಆದ್ದರಿಂದ ಮನೆಮಾತಿನ ಪಕ್ಕದಲ್ಲೇ ದಾಖಲೆಯ ವಾಕ್ಯ ನಿಲ್ಲಲಿ, ಗೋಡೆಗೆ ಒರಗಿದ ಏಣಿಯ ಹಾಗೆ. ‘ಅಮ್ಮ ಹೇಳುತ್ತಿದ್ದದ್ದು ಇಷ್ಟು’ ಎಂದು ಪ್ಯಾರಾ ಶುರು ಮಾಡಿದರೆ ನಡುವೆ ನೇರವಾಗಿ ಬರೆದು ಕೊನೆಯ ವಾಕ್ಯದಲ್ಲಿ ಒಮ್ಮೆ ‘ಅಂತೆ’ ಅಂದರೂ ನಡೆಯುತ್ತದೆ.

ಇನ್ನು ಪದಗಳು. ನಮ್ಮ ಪತ್ರಿಕೆಗಳ ಅಭ್ಯಾಸದಂತೆ ನೀನೂ ‘ನರಮೇಧ’ ಎಂದು ಬರೆದಿದ್ದೀಯ. ಅಶ್ವಮೇಧದಲ್ಲಿರುವ ಮೇಧವೇ ಇಲ್ಲಿರುವುದು, ಅಂದರೆ ಬಲಿಯ ಯಜ್ಞ. ವಿಚಿತ್ರವೆಂದರೆ ‘ಹೋಲೊಕಾಸ್ಟ್’ ಪದದ ಗ್ರೀಕ್ ಮೂಲದಲ್ಲೂ ಇರುವುದು ಪೂರ್ತಿಯಾಗಿ ಸುಟ್ಟ ಆಹುತಿ ಎಂಬ ಅರ್ಥವೇ. ಇದಕ್ಕಾಗಿಯೇ ಬಹಳ ಯಹೂದಿಯರು ಆ ಪದವನ್ನು ಒಲ್ಲದೆ ಹೀಬ್ರೂವಿನ ‘ಷೋಆ’ ಎನ್ನುತ್ತಾರೆ. ಅದರರ್ಥ ವಿನಾಶ. ಯಾವ ದೇವರಿಗೂ ಯಾರೂ ಕೊಟ್ಟ ಆಹುತಿ ಇದಲ್ಲ. ಹೋಲೊಕಾಸ್ಟ್ ಎಂಬ ಹೆಸರು ಬಳಕೆಯಲ್ಲಿ ನಿಂತುಬಿಟ್ಟಿದೆ, ಅದು ಇರಲಿ. ಆದರೆ ಕನ್ನಡದಲ್ಲಿ ಹೊಸದಾಗಿ ಯಜ್ಞದ ಹೊಗೆ ಎಬ್ಬಿಸಬೇಡ. ‘ಕೊಲೆ’, ‘ಸಾಮೂಹಿಕ ಹತ್ಯೆ’ ಸಾಕು. ಹಾಗೆಯೇ ‘ಅಜ್ಜಿ ಟ್ರೆಬ್ಲಿಂಕಾದಲ್ಲಿ ತೀರಿಕೊಂಡರು’ ಎಂದು ಬರೆಯಬೇಡ. ತೀರಿಕೊಳ್ಳುವುದು ಹಾಸಿಗೆಯ ಮೇಲೆ. ಟ್ರೆಬ್ಲಿಂಕಾ ನಾತ್ಸಿಗಳ ಕೊಲೆ ಶಿಬಿರ, ಅಲ್ಲಿ ಅಜ್ಜಿಯನ್ನು ಕೊಂದರು. ವಿಧಿ, ಹಣೆಬರಹ, ಕರ್ಮ, ಶಾಪ, ಇವೆಲ್ಲ ನಮ್ಮ ನಾಲಗೆಯ ತುದಿಯಲ್ಲೇ ಇರುವ ಪದಗಳು, ಬರೆಯುವಾಗ ತಾವಾಗಿಯೇ ನುಗ್ಗುತ್ತವೆ. ರೈಲಿನ ವೇಳಾಪಟ್ಟಿ ಹಾಕಿ, ಪಟ್ಟಿ ಟೈಪು ಮಾಡಿ, ಸಹಿ ಹಾಕಿ ಮಾಡಿದ ಅಪರಾಧ ಇದು. ಹಣೆಬರಹ ಎಂದ ಕೂಡಲೇ ಆ ಸಹಿ ಹಾಕಿದವನು ಮರೆಯಾಗುತ್ತಾನೆ.

ಇನ್ನೊಂದು ಕಡೆ ನಮ್ಮ ಭಾಷೆ ನಿನಗೆ ಸಹಾಯಕ್ಕೆ ಬರುತ್ತದೆ. ನೀನು ಬರೀ ‘ಆಂಟಿ’ ಎಂದು ಬರೆದು ಮುಂದೆ ಹೋಗಿದ್ದೀಯ. ದೊಡ್ಡಮ್ಮನೋ, ಚಿಕ್ಕಮ್ಮನೋ, ಸೋದರತ್ತೆಯೋ? ಕನ್ನಡದಲ್ಲಿ ಬರೆಯಬೇಕಾದರೆ ಕೇಳಲೇಬೇಕು. ಇಂಥ ಒಂದು ಪ್ರಶ್ನೆಯಿಂದಲೇ ಮನೆಯ ಮುಚ್ಚಿದ ಕೋಣೆ ತೆರೆಯುವುದುಂಟು. ಯುದ್ಧಕ್ಕೆ ಮುಂಚೆ ಮದುವೆಯಾಗಿ, ಹೆಂಡತಿ ಅಥವಾ ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡು, 1945ರ ನಂತರ ಮತ್ತೆ ಮದುವೆಯಾದವರು ಬಹಳ ಜನ. ಆ ಮೊದಲ ಮಕ್ಕಳ ವಿಷಯ ಎರಡನೆಯ ಸಂಸಾರದ ಮಕ್ಕಳಿಗೆ ಗೊತ್ತಾದದ್ದು ಎಷ್ಟೋ ಸಲ ನಲವತ್ತು ಐವತ್ತರ ವಯಸ್ಸಿನಲ್ಲಿ, ಯಾವುದೋ ಅರ್ಜಿಯ ನಕಲು ಕೈಗೆ ಸಿಕ್ಕಾಗ. ಹಾಗಾಗಿ ‘ನಿಮ್ಮ ತಂದೆಗೆ ನೀವು ಮೊದಲ ಮಗುವೇ?’ ಎಂದು ಮೊದಲ ದಿನವೇ ಕೇಳಬೇಡ. ಸಂಬಂಧದ ಹೆಸರುಗಳನ್ನು ಒಂದೊಂದಾಗಿ ಕೇಳುತ್ತ ಹೋಗು, ಅದು ತಾನಾಗಿಯೇ ಬರುತ್ತದೆ. ಬರದಿದ್ದರೆ ಬಿಡು.

ಹೆಸರನ್ನೂ ಕೇಳು. ಮಧ್ಯ ಮತ್ತು ಪೂರ್ವ ಯುರೋಪಿನ ಅಶ್ಕೆನಾಜಿ ಯಹೂದಿಯರಲ್ಲಿ ಸತ್ತ ಬಂಧುವಿನ ಹೆಸರನ್ನು ಮಗುವಿಗಿಡುವುದು ಸಂಪ್ರದಾಯ. ಯುದ್ಧದ ನಂತರ ಹುಟ್ಟಿದ ಒಂದು ಕೂಸಿನ ಮೇಲೆ ಎರಡೆರಡು ಸತ್ತವರ ಹೆಸರು ಕೂತಿರುವುದುಂಟು. ‘ಈ ಹೆಸರು ಯಾರದು? ಅವರ ಬಗ್ಗೆ ನಿಮಗೆ ಏನು ಹೇಳಿದ್ದರು? ಅವರ ಹಾಗೆ ಇದ್ದೀಯ ಅಂತ ಯಾರಾದರೂ ಅಂದಿದ್ದರೇ?’ ಈ ಮೂರು ಪ್ರಶ್ನೆಗೆ ಒಂದು ಪೂರ್ತಿ ಬೈಠಕ್ ಕೊಡು. ಗ್ರೀಸಿನ ಥೆಸಲೊನೀಕಿಯ ಕಡೆಯ ಸೆಫಾರ್ಡಿಗಳಲ್ಲಿ, ಅಂದರೆ ಸ್ಪೇನ್ ಮೂಲದ ಯಹೂದಿಯರಲ್ಲಿ, ಬದುಕಿರುವ ಅಜ್ಜ-ಅಜ್ಜಿಯ ಹೆಸರನ್ನೇ ಇಡುವುದುಂಟು. ಮನೆತನ ಯಾವ ಕಡೆಯದು ಎಂದು ತಿಳಿಯದೆ ಈ ಮಾತನ್ನು ಎಲ್ಲರಿಗೂ ಅನ್ವಯಿಸಬೇಡ.

ಅಕ್ಕ-ತಮ್ಮನನ್ನು ಒಟ್ಟಿಗೆ ಕೂರಿಸಿ ಮಾತಾಡಿಸುತ್ತಿದ್ದೀಯ ಎಂದು ಬರೆದಿದ್ದೀಯ. ದಯವಿಟ್ಟು ಬೇರೆ ಮಾಡು. ಅಕ್ಕ ಹುಟ್ಟಿದ್ದು 1947ರಲ್ಲಿ, ಮ್ಯೂನಿಕ್ ಹತ್ತಿರದ ಫ್ಯೋರೆನ್‌ವಾಲ್ಡ್ ನಿರಾಶ್ರಿತರ ಶಿಬಿರದಲ್ಲಿ. ತಮ್ಮ 1952ರಲ್ಲಿ, ಅಮೆರಿಕದಲ್ಲಿ. ಅಕ್ಕನ ಮೊದಲ ಭಾಷೆ ಯಿಡ್ಡಿಷ್, ತಮ್ಮನದು ಇಂಗ್ಲಿಷ್. ನಾತ್ಸಿ ಶಿಬಿರದಿಂದ ಆಗಷ್ಟೇ ಹೊರಬಂದ ಇಪ್ಪತ್ತೈದರ ತಾಯಿ ಬೇರೆ, ಹೊಲಿಗೆ ಕೆಲಸಕ್ಕೆ ಹೋಗಿ ಬರುವ ಮೂವತ್ತರ ತಾಯಿ ಬೇರೆ. ಇಬ್ಬರೂ ಒಂದೇ ಕಡೆ ಕೂತರೆ ದೊಡ್ಡವಳು ಹೇಳಿದ್ದೇ ‘ನಮ್ಮ ಮನೆಯ ಕಥೆ’ ಆಗಿಬಿಡುತ್ತದೆ. ಚಿಕ್ಕವನು ತಲೆಯಾಡಿಸುತ್ತಾನೆ. ಒಬ್ಬೊಬ್ಬರಿಗೂ ನಾಲ್ಕೈದು ಬೈಠಕ್, ಒಂದೊಂದು ಒಂದೂವರೆ ಗಂಟೆ ಮೀರದಂತೆ. ಎರಡು ರೆಕಾರ್ಡರ್ ಇಡು, ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ. ಶಿಬಿರದಿಂದ ಶುರು ಮಾಡಬೇಡ, ಅಡುಗೆಮನೆಯಿಂದ ಶುರು ಮಾಡು. ಬ್ರೆಡ್ಡಿನ ಕೊನೆಯ ತುಂಡನ್ನು ಏನು ಮಾಡುತ್ತಿದ್ದರು? ಮಕ್ಕಳಿಗೆ ಅರ್ಥವಾಗಬಾರದೆಂದು ಯಾವ ಭಾಷೆಗೆ ಜಾರುತ್ತಿದ್ದರು? ಬಾಗಿಲು ಬಡಿದಾಗ ಯಾರು ಏಳುತ್ತಿದ್ದರು? ಆಮೇಲೆ: ಏಳನೇ ವಯಸ್ಸಿನಲ್ಲಿ ನಿಮಗೆ ಎಷ್ಟು ಗೊತ್ತಿತ್ತು, ಹದಿನೈದರಲ್ಲಿ ಎಷ್ಟು, ನಲವತ್ತರಲ್ಲಿ ಎಷ್ಟು? ಈಗ ಗೊತ್ತಿರುವುದನ್ನು ಬಾಲ್ಯದ ಮೇಲೆ ಹೇರಿಕೊಳ್ಳುವುದು ಎಲ್ಲರಿಗೂ ಸಹಜ. ವಯಸ್ಸು ಹಿಡಿದು ಕೇಳಿದರೆ ಪದರಗಳು ಬಿಡಿಬಿಡಿಯಾಗಿ ಸಿಗುತ್ತವೆ.

ಈಗ ದಾಖಲೆ. ಜರ್ಮನಿಯ ಬಾಡ್ ಆರೋಲ್ಸನ್ ಎಂಬ ಸಣ್ಣ ಊರಿನಲ್ಲಿ ಆರೋಲ್ಸನ್ ಆರ್ಕೈವ್ಸ್ ಇದೆ, ನಾತ್ಸಿಗಳ ಹಿಂಸೆಗೆ ಒಳಗಾದವರ ದಾಖಲೆಗಳ ಸಂಗ್ರಹ. 2019ರವರೆಗೆ ಅದರ ಹೆಸರು ಇಂಟರ್‌ನ್ಯಾಷನಲ್ ಟ್ರೇಸಿಂಗ್ ಸರ್ವಿಸ್. ಸುಮಾರು 1.75 ಕೋಟಿ ಜನರ ಬಗ್ಗೆ ಅಲ್ಲಿ ಕಾಗದಗಳಿವೆ. ಆನ್‌ಲೈನಿನಲ್ಲೇ ಹುಡುಕಬಹುದು, ಸಿಗದಿದ್ದರೆ ವಿಚಾರಣೆ ಕಳಿಸಬಹುದು, ಶುಲ್ಕವಿಲ್ಲ. ಮಕ್ಕಳ ಕೈಯಿಂದಲೇ ಅರ್ಜಿ ಹಾಕಿಸು. ಉತ್ತರ ಬರಲು ತಿಂಗಳುಗಟ್ಟಲೆ ಹಿಡಿಯಬಹುದು, ಆದ್ದರಿಂದ ಈ ವಾರವೇ ಹಾಕಿಸು. ಯುದ್ಧಾನಂತರದ ನಿರಾಶ್ರಿತರ ನೋಂದಣಿ ಕಾರ್ಡು, ಆಮೇಲಿನ ನೆರವಿನ ಅರ್ಜಿ (ಅದನ್ನು ಸಿಎಂ/1 ಎನ್ನುತ್ತಾರೆ) ಸಿಕ್ಕರೆ ಅದೃಷ್ಟ. ಹಿಂದಿನ ವರ್ಷಗಳಲ್ಲಿ ಎಲ್ಲೆಲ್ಲಿದ್ದರು, ಏನು ಕೆಲಸ, ಯಾವ ಭಾಷೆ, ಯಾವ ದೇಶಕ್ಕೆ ಹೋಗಬೇಕು, ಎಲ್ಲ ಅದರಲ್ಲಿರುತ್ತದೆ.

ಆದರೆ ಕಾಗದ ಹೇಳಿದ್ದೆಲ್ಲ ನಿಜವಲ್ಲ. ಒಬ್ಬರಿಗೇ ಮೂರು ಹುಟ್ಟಿದ ದಿನ ಸಿಕ್ಕರೆ ಗಾಬರಿಯಾಗಬೇಡ. ಆಶ್ವಿತ್ಸ್‌ನಲ್ಲಿ ರೈಲಿನಿಂದ ಇಳಿದಾಗ ಹದಿನಾಲ್ಕರ ಹುಡುಗಿ ಹದಿನೆಂಟು ಎಂದಿದ್ದರೆ ಅದು ಜೀವ ಉಳಿಸಿದ ಸುಳ್ಳು, ಕೆಲಸಕ್ಕೆ ಬಾರದ ಮಕ್ಕಳನ್ನು ನೇರ ಗ್ಯಾಸ್ ಚೇಂಬರಿಗೆ ಕಳಿಸುತ್ತಿದ್ದರು. ನಿರಾಶ್ರಿತರನ್ನು ಒಳಬಿಡುವ ಅಮೆರಿಕದ 1948ರ ಕಾಯ್ದೆ ಇನ್ನೊಂದು ಕಾರಣ. 1945ರ ಡಿಸೆಂಬರ್ 22ರೊಳಗೆ ಜರ್ಮನಿ, ಆಸ್ಟ್ರಿಯಾ ಅಥವಾ ಇಟಲಿ ತಲುಪಿದ್ದವರಿಗೆ ಮಾತ್ರ ಅದು ಬಾಗಿಲು ತೆರೆಯಿತು. ಯುದ್ಧದ ಕಾಲವನ್ನು ಸೋವಿಯತ್ ಒಕ್ಕೂಟದಲ್ಲಿ ಕಳೆದು 1946ರಲ್ಲಿ ಪೋಲೆಂಡಿಗೆ ಮರಳಿ, ಅಲ್ಲಿನ ಹಿಂಸೆಗೆ ಹೆದರಿ ಮತ್ತೆ ಪಶ್ಚಿಮಕ್ಕೆ ಓಡಿದವರು ಈ ಗೆರೆಯ ಹೊರಗುಳಿದರು. ಕೆಲವರು ಕಾಗದದಲ್ಲಿ ಊರು, ವರ್ಷ ಬದಲಿಸಿದರು. 1950ರಲ್ಲಿ ಆ ಕಾಯ್ದೆ ಸಡಿಲವಾಯಿತು, ಅಷ್ಟರಲ್ಲಿ ಬರೆದದ್ದು ಬರೆದಾಗಿತ್ತು. ಮಕ್ಕಳು ‘ಅಪ್ಪ ನಮಗೂ ಸುಳ್ಳು ಹೇಳಿದರೇ’ ಎಂದು ಕುಗ್ಗಿದಾಗ ಈ ಕಾನೂನನ್ನು ಅವರ ಮುಂದಿಡು. ನಿನ್ನ ಬರಹದಲ್ಲಿ ಮೂರು ತಾರೀಖೂ ಇರಲಿ.

ಪಶ್ಚಿಮ ಜರ್ಮನಿಯ 1956ರ ಪರಿಹಾರ ಕಾನೂನಿನ ಕಡತಗಳೂ ಹಾಗೆಯೇ. ಆರೋಗ್ಯ ಹಾನಿಗೆ ಪಿಂಚಣಿ ಬೇಕಾದರೆ ದುಡಿಯುವ ಶಕ್ತಿ ಕನಿಷ್ಠ ಶೇ. 25 ಕುಗ್ಗಿದೆ ಎಂದು ವೈದ್ಯರ ಮುಂದೆ ಸಾಬೀತು ಮಾಡಬೇಕಿತ್ತು. ಅಲ್ಲಿರುವ ‘ನಾನು’ ವಕೀಲ ಜರ್ಮನ್ ಭಾಷೆಯಲ್ಲಿ ಕಟ್ಟಿದ ‘ನಾನು’. ಅದನ್ನು ಅಪ್ಪನ ದನಿ ಎಂದು ಉದ್ಧರಿಸಬೇಡ. ತಂದೆ ಅಥವಾ ತಾಯಿಯ ನಿಜವಾದ ದನಿ ಬೇಕಿದ್ದರೆ, 1990ರ ದಶಕದಲ್ಲಿ ಷೋಆ ಫೌಂಡೇಶನ್ ಎಂಬ ಅಮೆರಿಕದ ಸಂಸ್ಥೆ ವಿಡಿಯೊದಲ್ಲಿ ದಾಖಲಿಸಿದ ಐವತ್ತು ಸಾವಿರಕ್ಕೂ ಹೆಚ್ಚು ಸಾಕ್ಷ್ಯಗಳಲ್ಲಿ ಅವರದೂ ಇದೆಯೇ ಎಂದು ವಿಚಾರಿಸು. ಇಡೀ ಟೇಪನ್ನು ಮಕ್ಕಳು ನೋಡಿಯೇ ಇರದ ಮನೆಗಳಿವೆ.

ಹುಡುಕುವಾಗ ಕಾಗುಣಿತಕ್ಕೆ ಜೋತುಬೀಳಬೇಡ. ಲೆಂಬರ್ಗ್, ಲ್ವೂಫ್, ಲ್ವಿವ್ ಮೂರೂ ಒಂದೇ ಊರು. ನಾವು ಲೋಡ್ಜ್ ಎಂದು ಬರೆಯುವುದನ್ನು ಪೋಲಿಷರು ‘ವೂಚ್’ ಎನ್ನುತ್ತಾರೆ. ಕೈದಿಗಳ ಕೈಮೇಲೆ ಹಚ್ಚೆ ಹಾಕಿದ ಅಂಕಿಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ: ಹಚ್ಚೆ ಹಾಕುತ್ತಿದ್ದದ್ದು ಆಶ್ವಿತ್ಸ್‌ನಲ್ಲಿ ಮಾತ್ರ, ಅದೂ ಕೆಲಸಕ್ಕೆಂದು ನೋಂದಾಯಿಸಿಕೊಂಡವರಿಗೆ. ಅಲ್ಲಿಗೆ ಸಾಗಿಸಿದ ಸುಮಾರು 13 ಲಕ್ಷ ಜನರಲ್ಲಿ ಅಂಕಿ ಕೊಟ್ಟದ್ದು ಸುಮಾರು 4 ಲಕ್ಷಕ್ಕೆ. ಬದುಕುಳಿದವರೆಲ್ಲರ ತೋಳಿನಲ್ಲೂ ಅಂಕಿ ಇರುತ್ತದೆಂದು ಬರೆದರೆ ಕಾಡಿನಲ್ಲಿ, ಅಟ್ಟದ ಮೇಲೆ, ಸೈಬೀರಿಯಾದಲ್ಲಿ ಉಳಿದವರನ್ನೆಲ್ಲ ಹೊರಗೆ ಹಾಕಿದಂತೆ.

‘ರಕ್ತದಲ್ಲೇ ಹರಿದು ಬಂದ ನೋವು’ ಎಂಬ ನಿನ್ನ ಸಾಲನ್ನು ಹೊಡೆದುಹಾಕು. ತಂದೆತಾಯಿಯ ಆಘಾತ ಮಕ್ಕಳ ವಂಶವಾಹಿಯ ಮೇಲೆ ಬಿಡುತ್ತದೆನ್ನುವ ಗುರುತಿನ ಬಗ್ಗೆ ಎಲ್ಲರೂ ಎತ್ತಿ ಹೇಳುವ ಅಧ್ಯಯನದಲ್ಲಿ ಇದ್ದದ್ದು ಬದುಕುಳಿದ 32 ಜನ, ಅವರ 22 ಮಕ್ಕಳು. ಅಷ್ಟರಿಂದ ಅಷ್ಟು ದೊಡ್ಡ ಮಾತು ಬರುವುದಿಲ್ಲ. 2003ರಲ್ಲಿ 32 ಗುಂಪುಗಳ ಫಲಿತಾಂಶವನ್ನು ಒಟ್ಟಿಗೆ ತೂಗಿ ನೋಡಿದಾಗ, ಚಿಕಿತ್ಸೆಗೆ ಬಂದವರನ್ನು ಬಿಟ್ಟು ಉಳಿದ ಮಕ್ಕಳಲ್ಲಿ ತಂದೆತಾಯಿಯಿಂದ ದಾಟಿ ಬಂದ ಇಂಥ ಆಘಾತದ ಗುರುತು ಕಾಣಲಿಲ್ಲ. ನಿನ್ನೆದುರಿಗಿರುವ ತಮ್ಮ ನಗುನಗುತ್ತ ಅಂಗಡಿ ನಡೆಸಿದವನು. ಅವನನ್ನು ರೋಗಿ ಮಾಡಬೇಡ.

ಕೊನೆಗೆ ಒಂದು ಕೆಲಸ. ಜೆರುಸಲೇಮಿನಲ್ಲಿರುವ ಹೋಲೊಕಾಸ್ಟ್ ಸ್ಮಾರಕ ಸಂಸ್ಥೆ ಯಾದ್ ವಶೇಮ್ 1950ರ ದಶಕದಿಂದ ಸಾಕ್ಷ್ಯಪುಟಗಳನ್ನು ಸಂಗ್ರಹಿಸುತ್ತಿದೆ. ಕೊಲೆಯಾದ ಒಬ್ಬೊಬ್ಬರಿಗೂ ಒಂದು ಪುಟ. ಹೆಸರು, ತಂದೆಯ ಹೆಸರು, ತಾಯಿಯ ತವರಿನ ಹೆಸರು, ಹುಟ್ಟಿದ ಊರು, ಕಸುಬು, ಸತ್ತ ಜಾಗ. ಕೆಳಗೆ ತುಂಬಿದವರ ಹೆಸರು, ಸಂಬಂಧ, ಸಹಿ. ಅಕ್ಕನ ಅಜ್ಜಿಗೆ ಪುಟ ಇದೆಯೇ ಎಂದು ಮೊದಲು ಹುಡುಕು. ಇದ್ದರೆ ಕೆಳಗಿನ ಸಹಿ ಯಾರದು ನೋಡು, ಮನೆಯವರಿಗೇ ಗೊತ್ತಿಲ್ಲದ ಸೋದರ ಸಂಬಂಧಿಯದಾಗಿರಬಹುದು. ಇಲ್ಲದಿದ್ದರೆ ಅಕ್ಕ ತುಂಬಲು ಒಪ್ಪುತ್ತಾರೆಯೇ ಕೇಳು, ಒಪ್ಪಿದರೆ ಪಕ್ಕದಲ್ಲಿ ಕೂತಿರು. ತಾಯಿಯ ತವರಿನ ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ನಿಲ್ಲುತ್ತದೆ. ನೀನು ಏನೂ ಹೇಳಿಕೊಡಬೇಡ. ಖಾಲಿ ಬಿಟ್ಟರೆ ಖಾಲಿಯೇ ಇರಲಿ. ಆ ಜಾಗವನ್ನು ದಾಟಿ ಮುಂದಿನ ಸಾಲಿಗೆ ಹೋಗುವ ಮೊದಲು ಅವರು ಏನಂದರು, ಅಥವಾ ಏನೂ ಅನ್ನಲಿಲ್ಲವೇ, ಅದನ್ನು ಬರೆದುಕೊ. ಆ ದಿನ ರೆಕಾರ್ಡರ್ ಬೇಡ. ಎದ್ದು ಕೂಡಲೇ ಹೊರಡಬೇಡ, ಟೀ ಕುಡಿದು ಹೋಗು. ಮರುದಿನ ಬೆಳಿಗ್ಗೆ ಒಂದು ಫೋನು ಮಾಡು.

ಪ್ರೀತಿಯಿಂದ,
ನಿನ್ನ ಅಕ್ಕ