ಮುಖವಾಡದ ಊರು, ಹೆಸರು ಅಳಿಸಿಹೋಗದಿರಲಿ

ಮಾನ್ಯ ಸಂಪಾದಕರೇ,

ಮನೆಯ ಒಳಾಂಗಣ ಅಲಂಕಾರವನ್ನು ಕುರಿತು ತಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ಬಂದ ಲೇಖನದ ಜೊತೆ ಮರದ ಮುಖವಾಡಗಳ ಎರಡು ಚಿತ್ರಗಳು ಅಚ್ಚಾಗಿದ್ದವು. ಎರಡರ ಕೆಳಗೂ ‘ಆಫ್ರಿಕಾದ ಬುಡಕಟ್ಟು ಕಲೆ’ ಎಂಬ ಒಂದೇ ಅಡಿಬರಹವಿತ್ತು. ಮೊದಲನೆಯದು ಹಿತ್ತಾಳೆ ತಗಡು ಹೊದಿಸಿದ ನೀಳ ಮುಖ, ಸಾಮಾನ್ಯವಾಗಿ ಮಾರ್ಕಾ ಜನರದೆಂದು ಗುರುತಿಸುವ ಮಾದರಿ. ಎರಡನೆಯದು ಹಣೆಯ ಮೇಲೆ ಬಾಚಣಿಗೆಯ ಹಲ್ಲುಗಳಂತೆ ನೆಟ್ಟಗೆ ನಿಂತ ಕೋಡುಗಳ ಸಾಲಿರುವ, ಬಮನ ಜನರ ನ್‌ತೊಮೊ ಮುಖವಾಡ. ಯಾವ ಬಣ್ಣದ ಗೋಡೆಗೆ ಇವು ಒಪ್ಪುತ್ತವೆಂದು ವಿವರವಾಗಿ ಬರೆದ ಲೇಖಕರು, ಇವು ಯಾರವು, ಯಾತಕ್ಕಾಗಿ ಕೆತ್ತಿದವು ಎಂಬ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ. ಅದು ನನ್ನನ್ನು ನೋಯಿಸಿದ್ದರಿಂದ ಈ ಪತ್ರ.

ಬಮನ ಜನರು ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಬೇಸಾಯಗಾರರು. ನೈಜರ್ ನದಿಯ ದಡದ ಸೆಗು ಪಟ್ಟಣ ಹದಿನೆಂಟನೆಯ ಶತಮಾನದಲ್ಲಿ ಅವರ ಬಲಿಷ್ಠ ರಾಜ್ಯದ ರಾಜಧಾನಿಯಾಗಿತ್ತು. 1861ರಲ್ಲಿ ಅದು ಮುಸ್ಲಿಂ ಧಾರ್ಮಿಕ ಮುಖಂಡ ಎಲ್ ಹಾಜ್ ಉಮರ್ ತಾಲ್ ಅವರ ವಶವಾಯಿತು, 1890ರಲ್ಲಿ ಫ್ರೆಂಚರ ಪಾಲಾಯಿತು. ಮಾರ್ಕಾ ಎಂಬುದು ಅದೇ ಸೀಮೆಯಲ್ಲಿ ಅವರ ನೆರೆಯಲ್ಲೇ ಬಾಳಿದ, ಸೊನಿಂಕೆ ಮೂಲದ ಜನರಿಗಿರುವ ಹೆಸರು. ಅವರಲ್ಲಿ ವ್ಯಾಪಾರಿಗಳೂ ಇಸ್ಲಾಂ ಧರ್ಮದ ವಿದ್ವಾಂಸರೂ ಹೆಚ್ಚು. ಬುರ್ಕಿನಾ ಫಾಸೋದಲ್ಲೂ ಮಾರ್ಕಾ ಜನರಿದ್ದಾರೆ.

ಚಿತ್ರದಲ್ಲಿದ್ದ ನ್‌ತೊಮೊ ಮುಖವಾಡವನ್ನೇ ತುಸು ಹತ್ತಿರದಿಂದ ನೋಡಬೇಕು. ಇದು ಸುನ್ನತಿಗೆ ಮುಂಚಿನ ವಯಸ್ಸಿನ ಹುಡುಗರ ಸಂಘಕ್ಕೆ ಸೇರಿದ್ದು. ಮೂಗು ಉದ್ದವಾಗಿ, ಬಾಗಿದಂತೆ ಮುಂಚಾಚಿದ್ದರೂ ಬಾಯಿ ಮಾತ್ರ ತೀರಾ ಚಿಕ್ಕದು. ಕೆಲವದರಲ್ಲಿ ಬಾಯಿ ಇರುವುದೋ ಇಲ್ಲವೋ ಎಂದು ಹುಡುಕಬೇಕು. ಮಾತನ್ನು ಹಿಡಿತದಲ್ಲಿಟ್ಟುಕೊಳ್ಳುವುದು, ನೋವನ್ನು ಸದ್ದಿಲ್ಲದೆ ಸಹಿಸುವುದು ಆ ಸಂಘದಲ್ಲಿ ಹುಡುಗರು ಕಲಿಯುವ ಮೊದಲ ಪಾಠವಾದ್ದರಿಂದ ಬಡಗಿತನದ ಆ ಮಿತವ್ಯಯಕ್ಕೆ ಅರ್ಥವಿದೆ. ಕೋಡುಗಳು ಎರಡರಿಂದ ಹತ್ತರವರೆಗೆ ಇರಬಹುದು. ವಿದ್ವಾಂಸ ಡೊಮಿನಿಕ್ ಝಾನ್ ದಾಖಲಿಸಿರುವಂತೆ ಮೂರು ಅಥವಾ ಆರು ಕೋಡುಗಳಿದ್ದರೆ ಗಂಡು, ನಾಲ್ಕು ಅಥವಾ ಎಂಟಿದ್ದರೆ ಹೆಣ್ಣು, ಎರಡು, ಐದು ಅಥವಾ ಏಳಿದ್ದರೆ ಎರಡೂ ಗುಣ ಕೂಡಿದ್ದು. ಕೆಲವು ಮುಖವಾಡಗಳ ಮೇಲೆ ಕವಡೆಗಳನ್ನು ಅಂಟಿಸಿರುತ್ತಾರೆ. ಸುಗ್ಗಿ ಮುಗಿದ ಮೇಲೆ ಮುಖವಾಡ ತೊಟ್ಟ ಹುಡುಗ ಊರಿನಲ್ಲಿ ಕುಣಿಯುತ್ತಾನೆ, ಜನ ಧಾನ್ಯ ಕೊಡುತ್ತಾರೆ. ಇಷ್ಟೆಲ್ಲ ಹೇಳುವ ಒಂದು ವಸ್ತುವನ್ನು ಸೋಫಾದ ಹಿಂದಿನ ಗೋಡೆಗೆ ತೂಗುಹಾಕುವ ಮುನ್ನ, ಕನಿಷ್ಠ ಅದರ ಹೆಸರನ್ನಾದರೂ ತಿಳಿದಿರುವುದು ಉಚಿತವಲ್ಲವೇ?

ಇವನ್ನು ಕೆತ್ತುವವರು ನೂಮು ಎಂಬ ಕಮ್ಮಾರ ಕುಲದವರು. ಕುಲುಮೆಯಲ್ಲಿ ಗುದ್ದಲಿ, ಚಾಕು ಮಾಡುವ ಕೈಯೇ ಬಾಚಿ ಹಿಡಿದು ಮರವನ್ನೂ ಕೆತ್ತುತ್ತದೆ. ಅವರ ಮನೆಯ ಹೆಂಗಸರು ಕುಂಬಾರಿಕೆ ಮಾಡುತ್ತಾರೆ. ಬೆಂಕಿಯನ್ನೂ ಕಬ್ಬಿಣವನ್ನೂ ಪಳಗಿಸಿದವರಾದ್ದರಿಂದ ಜಗತ್ತಿನ ಎಲ್ಲದರಲ್ಲೂ ಇರುವ ನ್ಯಾಮಾ ಎಂಬ ಶಕ್ತಿಯನ್ನು ತಾಳಿಕೊಳ್ಳಬಲ್ಲವರು ಇವರೇ ಎಂಬ ನಂಬಿಕೆ ಅಲ್ಲಿದೆ. ಕೊಮೊ ಎಂಬ ಹಿರಿಯರ ಸಂಘದ ಮುಖವಾಡವಂತೂ ಇನ್ನೊಂದೇ ಲೋಕ: ಮೊಸಳೆಯಂತೆ ಬಾಯಿ ತೆರೆದು ಅಡ್ಡಡ್ಡ ಚಾಚಿದ ಮೂತಿ, ಹಿಂದಕ್ಕೆ ಜಿಂಕೆ ಜಾತಿಯ ಪ್ರಾಣಿಗಳ ಕೋಡು, ಗರಿ, ಮುಳ್ಳುಹಂದಿಯ ಮುಳ್ಳು, ಇವೆಲ್ಲದರ ಮೇಲೆ ವರ್ಷಗಟ್ಟಲೆ ಬಲಿ, ನೈವೇದ್ಯಗಳು ಗಟ್ಟಿಯಾಗಿ ಕಟ್ಟಿದ ಕಪ್ಪು ಪದರ. ಅದನ್ನು ಸಂಘದ ಹೊರಗಿನವರು ನೋಡುವಂತಿರಲಿಲ್ಲ. ಇಂದು ಅವುಗಳಲ್ಲಿ ಹಲವು ಗಾಜಿನ ಪೆಟ್ಟಿಗೆಯೊಳಗೆ, ಟಿಕೆಟ್ ಕೊಂಡ ಯಾರು ಬೇಕಾದರೂ ನೋಡುವಂತೆ ಇವೆ.

ಇನ್ನು ಮಾರ್ಕಾ ಮುಖವಾಡ. ಕಿರಿದಾದ ಮುಖದ ಮೇಲೆ ಹಿತ್ತಾಳೆ, ತಾಮ್ರ ಅಥವಾ ಅಲ್ಯೂಮಿನಿಯಂ ತಗಡಿನ ಪಟ್ಟಿಗಳನ್ನು ಬಡಿದು ಕೂರಿಸಿ, ಅಂಚಿಗೆ ಸಣ್ಣ ಮೊಳೆಗಳನ್ನು ಹೊಡೆದಿರುತ್ತಾರೆ. ತಗಡಿನ ಮೇಲೆ ಚುಕ್ಕೆಗಳನ್ನೂ ಗೆರೆಗಳನ್ನೂ ಒತ್ತಿ ಮೂಡಿಸಿರುತ್ತಾರೆ. ಎಷ್ಟೋ ಸಲ ಕೆಂಪು ಹತ್ತಿಯ ಕುಚ್ಚುಗಳೂ ತೂಗಾಡುತ್ತವೆ. ಬಿಸಿಲಿನಲ್ಲಿ ಕುಣಿತಗಾರನ ತಲೆ ಆಡಿದಂತೆಲ್ಲ ಮಿನುಗಲೆಂದು ಹೊದಿಸಿದ ಲೋಹವಿದು ಎಂಬುದನ್ನು ಕೋಣೆಯ ಮಂದ ದೀಪದಲ್ಲಿ ಊಹಿಸುವುದೂ ಕಷ್ಟ. ಇದೇ ಸೀಮೆಯ ಬಮನ ಜನರೂ ಬೋಝೊ ಬೆಸ್ತರೂ ತಗಡು ಬಳಸುತ್ತಾರೆ. ಆದ್ದರಿಂದ ಹಿತ್ತಾಳೆ ಕಂಡ ಕೂಡಲೇ ‘ಮಾರ್ಕಾ’ ಎಂದು ಚೀಟಿ ಅಂಟಿಸುವ ಅಂಗಡಿಗಳ ಅಭ್ಯಾಸವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ.

ಈ ವಸ್ತುಗಳು ತಮ್ಮ ಊರು ಬಿಟ್ಟ ರೀತಿಯೂ ಎಲ್ಲ ಸಂದರ್ಭಗಳಲ್ಲಿ ಸರಳವಾದುದಲ್ಲ. ಇಸ್ಲಾಂ ಹರಡಿದಂತೆ ಅನೇಕ ಹಳ್ಳಿಗಳು ಹಳೆಯ ಸಂಘಗಳನ್ನು ತಾವಾಗಿಯೇ ಬಿಟ್ಟವು, ಮುಖವಾಡಗಳು ಮಾರಾಟವಾದವು; ಅದನ್ನು ಆಕ್ಷೇಪಿಸುವ ಅಧಿಕಾರ ನಮಗಿಲ್ಲ. ಆದರೆ 1931ರ ಸೆಪ್ಟೆಂಬರಿನಲ್ಲಿ ಫ್ರೆಂಚ್ ಮಾನವಶಾಸ್ತ್ರಜ್ಞ ಮಾರ್ಸೆಲ್ ಗ್ರಿಯೋಲ್ ನೇತೃತ್ವದ ಡಕಾರ್–ಜಿಬೂಟಿ ಅಧ್ಯಯನ ತಂಡ ಇದೇ ಸೀಮೆಯ ಹಳ್ಳಿಗಳಲ್ಲಿ ಕೊಮೊದಂತೆಯೇ ಇನ್ನೊಂದಾದ ಕೊನೊ ಎಂಬ ಸಂಘದ ಗುಡಿಗಳಿಂದ ಪೂಜಾವಸ್ತುಗಳನ್ನು ಬೆದರಿಕೆ ಹಾಕಿ ಹೊತ್ತೊಯ್ದದ್ದನ್ನು ಅದೇ ತಂಡದಲ್ಲಿದ್ದ ಮಿಶೆಲ್ ಲೀರಿಸ್ ತಮ್ಮ ದಿನಚರಿಯಲ್ಲಿ ಬಿಚ್ಚಿಟ್ಟಿದ್ದಾರೆ. ಅವುಗಳಲ್ಲಿ ಕೆಲವು ಈಗ ಪ್ಯಾರಿಸ್ಸಿನ ಕೇ ಬ್ರಾನ್ಲಿ ವಸ್ತುಸಂಗ್ರಹಾಲಯದಲ್ಲಿವೆ. ಅಡಿಬರಹದಲ್ಲಿ ಊರಿನ ಹೆಸರು ಇಲ್ಲವಾದರೆ ಇಂತಹ ಪ್ರಶ್ನೆಯನ್ನು ಕೇಳುವ ದಾರಿಯೇ ಮುಚ್ಚಿಹೋಗುತ್ತದೆ.

ಇದೆಲ್ಲ ಸತ್ತುಹೋದ ಸಂಪ್ರದಾಯವೆಂದೂ ತಿಳಿಯಬಾರದು. ಹುಲ್ಲೆಯ ರೂಪದ ಚಿವಾರ ಶಿರೋಭೂಷಣವನ್ನು ಬೆತ್ತದ ಟೋಪಿಯ ಮೇಲೆ ಕಟ್ಟಿ, ಮೈತುಂಬ ಕಪ್ಪು ನಾರು ಇಳಿಬಿಟ್ಟು, ಗಂಡು ಮತ್ತು ಹೆಣ್ಣು ಎಂಬ ಜೋಡಿಯಾಗಿ ಕುಣಿಯುವ ಪದ್ಧತಿ ಬೇಸಾಯದ ಶ್ರಮವನ್ನು ಗೌರವಿಸುವಂಥದ್ದು. ದುಡಿಮೆಯಲ್ಲಿ ಮೇಲಾದ ರೈತನನ್ನು ಇಂದಿಗೂ ಚಿವಾರ ಎಂದು ಕರೆಯುವ ವಾಡಿಕೆಯಿದೆ. ಸೆಗು ಬಳಿಯ ಮಾರ್ಕಾಲಾದಲ್ಲಿ ನಡೆಯುವ ಮುಖವಾಡ ಮತ್ತು ಬೊಂಬೆಗಳ ಆಚರಣೆಯನ್ನು ಯುನೆಸ್ಕೊ 2014ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಹಾಡು, ವಾದ್ಯ, ಉಡುಪು, ನೆರೆದ ಊರು ಇವೆಲ್ಲ ಸೇರಿದರೆ ಮುಖವಾಡ. ನಮಗೆ ಸಿಗುವ ಮರದ ತುಂಡು ಅದರ ಒಂದು ಭಾಗ. ಭಂಡಾರದಿಂದ ಮೊಗ ಇಳಿದು ಬರುವ ಕೋಲವನ್ನು ಕಂಡಿರುವ ಕರಾವಳಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮ ಮೆಕ್ಕೆಕಟ್ಟಿನ ಹಳೆಯ ಮರದ ಭೂತಮೂರ್ತಿಗಳು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳ ಕೆಳಗೆ ಬರಿಯ ‘ಏಷ್ಯಾದ ಬುಡಕಟ್ಟು ಕಲೆ’ ಎಂದು ಬರೆದಿದ್ದರೆ ನಾವು ಒಪ್ಪುತ್ತಿದ್ದೆವೇ?

ಇಂತಹ ವಸ್ತುಗಳನ್ನು ಕೊಳ್ಳಬಾರದು ಎಂಬುದು ನನ್ನ ವಾದವಲ್ಲ. ಮಾಲಿಯ ರಾಜಧಾನಿ ಬಮಾಕೊದ ಕುಶಲಕರ್ಮಿ ಮಾರಲೆಂದೇ ಕೆತ್ತಿದ ಹೊಸ ಚಿವಾರವನ್ನು ಹೊಸದೆಂದೇ ತಿಳಿದು ಕೊಂಡರೆ ಅದು ಅವನ ಕಸುಬಿಗೆ ಸಲ್ಲುವ ಗೌರವ. ಹೊಗೆ ಹಿಡಿಸಿ, ಮಣ್ಣು ಮೆತ್ತಿ ಹಳೆಯದೆಂದು ಮಾರುವವರನ್ನು ನಂಬಿ ಕೊಳ್ಳುವುದು, ಹಾಗೆ ಕೊಂಡದ್ದನ್ನು ಪತ್ರಿಕೆ ಹೊಗಳುವುದು ಬೇರೆ ಮಾತು. ಮುಂದೆ ಇಂತಹ ಚಿತ್ರಗಳನ್ನು ಪ್ರಕಟಿಸುವಾಗ ಜನಾಂಗ, ದೇಶ, ಗೊತ್ತಿದ್ದಲ್ಲಿ ಸಂಘದ ಹೆಸರು, ವಸ್ತು ಹಳೆಯದೋ ಮಾರಾಟಕ್ಕೆ ಮಾಡಿದ್ದೋ ಎಂಬ ವಿವರ, ಇಷ್ಟನ್ನು ಅಡಿಬರಹದಲ್ಲಿ ಕೊಡಬೇಕೆಂದೂ, ಕಳೆದ ವಾರದ ಆ ಎರಡು ಚಿತ್ರಗಳಿಗೆ ಮುಂದಿನ ಪುರವಣಿಯಲ್ಲಿ ಸರಿಯಾದ ವಿವರಣೆ ಪ್ರಕಟಿಸಬೇಕೆಂದೂ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಕುಂದಾಪುರ