ಮಕ್ಕಳನ್ನು ಕಲಿಕೆಯ ನಡುವೆ ಎಬ್ಬಿಸಬೇಡಿ

ಮಾನ್ಯರೇ,

ಮಾಂಟೆಸ್ಸರಿ ಎಂದು ಬೋರ್ಡ್ ಹಾಕಿಕೊಂಡ ಎಷ್ಟೋ ಶಾಲೆಗಳಲ್ಲಿ ಅರ್ಧ ಗಂಟೆಗೊಮ್ಮೆ ಬೆಲ್ ಹೊಡೆದು ಪುಟ್ಟ ಮಕ್ಕಳನ್ನು ಮಾಡುತ್ತಿರುವ ಕೆಲಸದಿಂದ ಎಬ್ಬಿಸುತ್ತಾರೆ. ಮಗು ತಾನೇ ಆರಿಸಿಕೊಂಡ ಕೆಲಸದಲ್ಲಿ ಮುಳುಗಿ ಕಲಿಯಲಿ ಎನ್ನುವ ಆ ಪದ್ಧತಿಗೇ ಇದು ವಿರುದ್ಧ. ಈ ಪದ್ಧತಿ ರೂಪಿಸಿದ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಆರಂಭಿಸಿದ ‘ಮಕ್ಕಳ ಮನೆ’ ಎಂಬ ಶಾಲೆಯಲ್ಲಿ ಮೂರು ವರ್ಷದ ಹುಡುಗಿಯೊಬ್ಬಳು ಬೇರೆ ಬೇರೆ ಗಾತ್ರದ ಮರದ ಸಿಲಿಂಡರ್‌ಗಳನ್ನು ಅವುಗಳ ಅಳತೆಯ ಕುಳಿಗಳಿಗೆ ಕೂರಿಸಿ ತೆಗೆಯುವುದನ್ನೇ 40ಕ್ಕೂ ಹೆಚ್ಚು ಸಲ ಮಾಡಿದಳು. ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿಟ್ಟರೂ ಬಿಡಲಿಲ್ಲ! ಒಂದು ಸಿಲಿಂಡರ್ ತಪ್ಪು ಕುಳಿಗೆ ಹೋದರೆ ಕೊನೆಗೆ ಇನ್ನೊಂದಕ್ಕೆ ಜಾಗ ಸಿಗುವುದಿಲ್ಲ. ತಪ್ಪು ಮಗುವಿಗೇ ಗೊತ್ತಾಗುತ್ತದೆ, ಟೀಚರ್ ಹೇಳಬೇಕಿಲ್ಲ. ನಡುವೆ ಸುಮ್ನೆ ‘ಶಭಾಷ್’ ಅಂದರೂ ಗಮನ ಕೆಡುತ್ತದೆ, ಇನ್ನು ಬೆಲ್ ಕೇಳಬೇಕೆ? ಬೆಳಗ್ಗೆ ಸತತ ಮೂರು ಗಂಟೆಗಳ ಕಾಲ ಬೆಲ್ಲೇ ಇಲ್ಲದಂತೆ ನೋಡಿಕೊಂಡು, ಡಾನ್ಸ್, ಕರಾಟೆ ಕ್ಲಾಸ್‌ಗಳನ್ನು ಆಮೇಲೆ ಇಡಲಿ. ಪೋಷಕರೂ ಫೀಸು ಕಟ್ಟುವ ಮುನ್ನ ವೇಳಾಪಟ್ಟಿ ಕೇಳಿ ನೋಡಲಿ.

– ಓದುಗರೊಬ್ಬರು, ಮೈಸೂರು